ಮಗನಿಗೆ ಮೂರು ತುಂಬುತ್ತಿದೆ, ಮಾತು ಹತ್ತು ದಾಟಿಲ್ಲ. ವಾಕ್ ಚಿಕಿತ್ಸೆಯಲ್ಲಿ ಬರೀ ಆಟವಾಡಿಸುತ್ತಿದ್ದಾರೆ, ಇದು ಸರಿಯೇ?

ಪ್ರಶ್ನೆ: ಅರಸೀಕೆರೆಯ ಅಪ್ಪ

ನಾನು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮಗನಿಗೆ 2 ವರ್ಷ 10 ತಿಂಗಳು. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ. ‘ಅಪ್ಪನ ಚಪ್ಪಲಿ ತಾ’ ಎಂದರೆ ಅಷ್ಟು ಜೊತೆಗಳ ನಡುವೆ ನನ್ನದನ್ನೇ ಹುಡುಕಿ ತರುತ್ತಾನೆ. ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಾನೆ, ಇಲ್ಲವೇ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಆದರೆ ಬಾಯಿಂದ ಬರುವ ಮಾತುಗಳನ್ನು ಕಳೆದ ವಾರ ಚೀಟಿಯಲ್ಲಿ ಬರೆದು ನೋಡಿದೆ, ಒಂಬತ್ತೇ ಆದವು. ಅಮ್ಮ, ಅಪ್ಪ, ಅಜ್ಜಿ, ಬಾ, ತಾ, ಬೇಡ, ಬಸ್ಸು, ಮಾಮ, ಟಾಟಾ. ಎರಡು ಮಾತು ಸೇರಿಸಿ ಹೇಳಿದ್ದನ್ನು ಇದುವರೆಗೆ ಕೇಳಿಲ್ಲ.

ನಮ್ಮ ತಾಯಿ, ‘ನೀನೂ ನಾಲ್ಕು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ, ಗಂಡು ಮಕ್ಕಳಿಗೆ ಮಾತು ತಡ’ ಎನ್ನುತ್ತಾರೆ. ದಿನಾ ಬೆಳಿಗ್ಗೆ ಬಜೆ ಬೇರು ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರೆ. ಪಕ್ಕದ ಮನೆಯವರು ನಾಲಿಗೆ ಕಟ್ಟಿಕೊಂಡಿರಬೇಕು, ಕೊಯ್ಯಿಸಿ ಎಂದರು. ಮಕ್ಕಳ ವೈದ್ಯರು ಇದ್ಯಾವುದೂ ಬೇಡ, ವಾಕ್ ಚಿಕಿತ್ಸೆಗೆ ಹೋಗಿ ಎಂದು ಹಾಸನಕ್ಕೆ ಕಳುಹಿಸಿದರು. ಮೂರು ಸಲ ಹೋಗಿ ಬಂದೆವು. ಬಸ್ಸಿನಲ್ಲಿ ಹೋಗಲು ಬರಲು ಅರ್ಧ ದಿನ, ನಲವತ್ತು ನಿಮಿಷಕ್ಕೆ 600 ರೂಪಾಯಿ. ಆ ಮೇಡಂ ಚಾಪೆಯ ಮೇಲೆ ಕುಳಿತು ಸೋಪಿನ ಗುಳ್ಳೆ ಊದುತ್ತಾರೆ, ಇಳಿಜಾರಿನ ಹಲಗೆಯ ಮೇಲಿಂದ ಆಟಿಕೆ ಕಾರು ಬಿಡುತ್ತಾರೆ. ಒಮ್ಮೆಯಾದರೂ ‘ಆನೆ ಅನ್ನು, ಇಲಿ ಅನ್ನು’ ಎಂದು ಹೇಳಿಸಲಿಲ್ಲ. ಈ ಆಟವನ್ನು ನಾವು ಮನೆಯಲ್ಲೇ ಆಡಿಸಬಹುದಲ್ಲವೇ ಎಂದು ನನಗೆ ಅನ್ನಿಸುತ್ತಿದೆ. ದುಡ್ಡಿನ ಮಾತಲ್ಲ, ಸರಿಯಾದ ದಾರಿಯಲ್ಲಿ ಇದ್ದೇವೆಯೇ ಎಂಬ ಭಯ.

ಇನ್ನೊಂದು ವಿಷಯ. ನನ್ನ ಹೆಂಡತಿ ಪುತ್ತೂರಿನವಳು, ಮಗನೊಂದಿಗೆ ತುಳುವಿನಲ್ಲಿ ಮಾತನಾಡುತ್ತಿದ್ದಳು. ನಾನು ಮತ್ತು ತಾಯಿ ಕನ್ನಡ. ಎರಡು ಭಾಷೆ ಸೇರಿ ಮಗುವಿಗೆ ಗೊಂದಲವಾಗಿದೆ ಎಂದು ನೆಂಟರೊಬ್ಬರು ಹೇಳಿದ ಮೇಲೆ ಹತ್ತು ದಿನದಿಂದ ತುಳು ನಿಲ್ಲಿಸಿದ್ದಾಳೆ. ಅಂದಿನಿಂದ ಅವಳು ಮಗನೊಂದಿಗೆ ಮಾತನಾಡುವುದೇ ಕಡಿಮೆಯಾಗಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ತಿಪಟೂರು ಓದುಗ

ಸರ್, ಇಷ್ಟು ಗಾಬರಿ ಬೇಡ. ನಮ್ಮ ಅಕ್ಕನ ಮಗ ಮೂರೂವರೆ ದಾಟಿದ ಮೇಲೆ ಮಾತನಾಡಿದ, ಈಗ ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ತರುತ್ತಾನೆ. ಮೊಬೈಲ್ ಕೊಡಬೇಡಿ, ಅಂಗನವಾಡಿಗೆ ಬಿಡಿ, ನಾಲ್ಕು ಮಕ್ಕಳ ಜೊತೆ ಸೇರಿದರೆ ತಾನಾಗಿಯೇ ಬರುತ್ತದೆ. ಇನ್ನೊಂದು ವರ್ಷ ಕಾದು ನೋಡಿ.

ಉತ್ತರ: ಸಾಗರದ ತಾಯಿ

ಕಾದು ನೋಡಿ ಎಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ನನಗೂ ಹೀಗೆಯೇ ಹೇಳಿದ್ದರು, ನಾನು ಎಂಟು ತಿಂಗಳು ಕಾದೆ. ಆ ಎಂಟು ತಿಂಗಳ ಬಗ್ಗೆ ಇವತ್ತಿಗೂ ನನಗೆ ಸಂಕಟವಿದೆ. ಅಣ್ಣಾ, ನೀವು ಮೂರು ಸಲ ಹೋಗಿ ಬಂದಿದ್ದೀರಲ್ಲ, ಅದನ್ನು ಬಿಡಬೇಡಿ.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಎರಡೂವರೆಯಾದಾಗ ಅವಳಿಗೆ ‘ಅಮ್ಮ’ ಬಿಟ್ಟರೆ ಬೇರೆ ಮಾತಿರಲಿಲ್ಲ. ಮೊದಲು ಹತ್ತಿರದ ಪಟ್ಟಣದ ಒಂದು ಕೇಂದ್ರಕ್ಕೆ ಎರಡು ತಿಂಗಳು ಕರೆದುಕೊಂಡು ಹೋದೆ. ಅಲ್ಲಿ ನಮ್ಮನ್ನು ಹೊರಗೆ ಕೂರಿಸಿ ಬಾಗಿಲು ಹಾಕುತ್ತಿದ್ದರು. ಒಳಗೆ ಚಿತ್ರದ ಕಾರ್ಡು ತೋರಿಸಿ ಆಪಲ್ ಹೇಳು, ಬಾಲ್ ಹೇಳು ಎನ್ನುವುದು ಕೇಳಿಸುತ್ತಿತ್ತು, ಆಮೇಲೆ ಮಗಳ ಅಳು ಕೇಳಿಸುತ್ತಿತ್ತು. ನೀವು ಬಯಸುತ್ತಿರುವ ‘ಆನೆ ಅನ್ನು, ಇಲಿ ಅನ್ನು’ ಪಾಠ ಅದೇ. ಎರಡು ತಿಂಗಳಾದ ಮೇಲೆ ಅವಳು ಆ ಬೀದಿಯ ತಿರುವು ಕಂಡರೇ ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಾತೂ ಹೆಚ್ಚಾಗಲಿಲ್ಲ.

ಆಮೇಲೆ ತಾಳಗುಪ್ಪದ ರೈಲು ಹತ್ತಿ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಆಯಿಷ್ ಎನ್ನುತ್ತಾರೆ. ಅಲ್ಲಿ ಮಾತಿನ ವಿಷಯಕ್ಕೆ ಬರುವ ಮೊದಲು ಕಿವಿ ನೋಡಿದರು. ‘ನಮ್ಮ ಮಗಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಪ್ರೆಶರ್ ಕುಕ್ಕರ್ ಕೂಗಿದರೆ ತಿರುಗಿ ನೋಡುತ್ತಾಳೆ’ ಎಂದೆ. ಕುಕ್ಕರಿನ ಸದ್ದು ಕೇಳಿಸುವ ಕಿವಿಗೆ ‘ಸ’ ಮತ್ತು ‘ತ’ದ ಸಣ್ಣ ಸದ್ದು ಕೇಳಿಸದೆ ಇರಬಹುದು ಎಂದು ಅವರು ಬಿಡಿಸಿ ಹೇಳಿದರು. ಬೆರಾ ಎಂಬ ಪರೀಕ್ಷೆಗೆ ಮಗು ಗಾಢವಾಗಿ ನಿದ್ರೆ ಮಾಡುತ್ತಿರಬೇಕು. ನಮ್ಮವಳು ರೈಲಿನಲ್ಲಿ ಇಡೀ ರಾತ್ರಿ ನಿದ್ರೆ ಮಾಡಿ ಚುರುಕಾಗಿ ಎದ್ದಿದ್ದಳು, ಹಣೆಗೆ ತಂತಿ ಅಂಟಿಸಲು ಹೋದವರ ಕನ್ನಡಕ ಕಿತ್ತಳು. ಇನ್ನೊಂದು ದಿನ ಮಾಡಬೇಕಾಯಿತು. ಕಿವಿ ಸರಿಯಾಗಿತ್ತು. ಸರಿಯಾಗಿದೆ ಎಂದು ತಿಳಿಯುವುದೂ ಒಂದು ದೊಡ್ಡ ಭಾರ ಇಳಿದಂತೆ.

ಚಿಕಿತ್ಸೆ ಶುರುವಾದಾಗ ನನ್ನನ್ನೂ ಒಳಗೆ ಕೂರಿಸಿಕೊಂಡರು. ಮೊದಲ ದಿನ ಹತ್ತು ನಿಮಿಷ ನೀವೇ ಆಡಿಸಿ ಎಂದು ಹೇಳಿ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನನಗೇ ತೋರಿಸಿದರು. ನಾನು ಕೇಳುತ್ತಿದ್ದದ್ದು ಇಷ್ಟೇ: ಇದೇನು? ಇದು ಯಾವ ಬಣ್ಣ? ಹಸು ಹೇಗೆ ಕೂಗುತ್ತದೆ? ಹೇಳು, ಹೇಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪ್ರಶ್ನೆ. ಹತ್ತು ನಿಮಿಷದಲ್ಲಿ ಅವಳಿಗೆಂದು ಒಂದು ಕ್ಷಣವನ್ನೂ ನಾನು ಬಿಟ್ಟಿರಲಿಲ್ಲ. ಚಿಕಿತ್ಸಕಿ ನನ್ನನ್ನು ದೂರಲಿಲ್ಲ. ‘ಪ್ರಶ್ನೆ ಕೇಳಬೇಡಿ, ಕಂಡದ್ದನ್ನು ಹೇಳಿ. ಹೇಳಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ’ ಎಂದರು.

ನಿಮ್ಮ ಸೋಪಿನ ಗುಳ್ಳೆಯ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ಹೋದಾಗ ಗುಳ್ಳೆಯನ್ನು ನೋಡಬೇಡಿ, ಆ ಮೇಡಂ ಕೈಯನ್ನು ನೋಡಿ. ಎರಡು ಸಲ ಊದಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಶೀಶೆಯನ್ನು ಮಗನ ಕೈಗೇ ಕೊಡುತ್ತಾರೆ, ಅಲ್ಲವೇ? ಅವನಿಗೆ ತೆಗೆಯಲು ಬರುವುದಿಲ್ಲ. ವಾಪಸು ತಂದುಕೊಡಬೇಕು, ಮುಖ ನೋಡಬೇಕು, ಏನಾದರೂ ಸದ್ದು ಮಾಡಬೇಕು. ಆ ಹೊತ್ತಿನಲ್ಲಿ ಅವರು ‘ತೆಗೆ’ ಎಂಬ ಒಂದೇ ಮಾತನ್ನು ಹೇಳಿ ಸುಮ್ಮನಾಗುತ್ತಾರೆ. ಕಾರನ್ನೂ ‘ಒಂದು... ಎರಡು...’ ಎಂದು ಹಿಡಿದುಕೊಂಡೇ ಇರುತ್ತಾರೆ. ಮಗುವಿಗೆ ಆ ಮಾತು ಬೇಕಾಗಿರುವ ಕ್ಷಣದಲ್ಲೇ ಮಾತನ್ನು ಕೊಡುವುದು, ಆ ಕ್ಷಣವನ್ನು ನಲವತ್ತು ನಿಮಿಷದಲ್ಲಿ ಮೂವತ್ತು ಸಲ ಹುಟ್ಟಿಸುವುದು, ಅದು ಅವರ ವಿದ್ಯೆ. ನಾವು ಮನೆಯಲ್ಲಿ ಆಡಿಸುವಾಗ ಗುಳ್ಳೆ ಊದುತ್ತಲೇ ಇರುತ್ತೇವೆ. ಮಗು ನಗುತ್ತದೆ, ಕೇಳುವ ಅಗತ್ಯ ಅದಕ್ಕೆ ಬೀಳುವುದಿಲ್ಲ.

ನಮ್ಮ ಮನೆಯಲ್ಲಿ ಅವಳಿಗೆ ಅಗತ್ಯವೇ ಇರಲಿಲ್ಲ ಎಂಬುದು ನನಗೆ ಅಲ್ಲಿಯೇ ಹೊಳೆಯಿತು. ಲೋಟದ ಕಡೆ ನೋಡಿದರೆ ಹಾಲು, ಬಾಗಿಲ ಕಡೆ ನೋಡಿದರೆ ಕೊಟ್ಟಿಗೆಗೆ ಕರೆದುಕೊಂಡು ಹೋಗಲು ಅಜ್ಜ ಸಿದ್ಧ. ಊರಿಗೆ ಬಂದು ಚಕ್ಕುಲಿ ಡಬ್ಬಿಯನ್ನು ಕಾಣುವಂತೆ, ಕೈಗೆ ಎಟುಕದಂತೆ ಇಟ್ಟೆ. ಬಿಗಿಯಾದ ಮುಚ್ಚಳ. ಮೊದಲ ವಾರ ಅವಳು ಅತ್ತಳು, ನನ್ನ ಅತ್ತೆಗೆ ನನ್ನ ಮೇಲೆ ಸಿಟ್ಟು ಬಂತು. ಅತ್ತಾಗ ಸತಾಯಿಸಬಾರದು, ಕೊಟ್ಟುಬಿಡಬೇಕು, ಕೊಡುವಾಗ ಮಾತು ಸೇರಿಸಿ ಕೊಡಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದರು. ಹದಿನೇಳನೆಯ ದಿನ ಡಬ್ಬಿಯನ್ನು ನನ್ನ ಮಡಿಲಿಗೆ ತಂದಿಟ್ಟು ‘ತೆದೆ’ ಎಂದಳು. ಆ ದಿನ ಮಳೆ ಹಿಡಿದಿತ್ತು, ಕರೆಂಟು ಇರಲಿಲ್ಲ, ನಾನು ಒಲೆಯ ಮುಂದೆ ಕುಳಿತಿದ್ದೆ. ಅಷ್ಟೂ ನೆನಪಿದೆ.

ಅಲ್ಲಿಂದ ಮುಂದೆ ಒಂದು ಮೆಟ್ಟಿಲು ಮೇಲೆ ನಿಂತು ಮಾತನಾಡುವುದು. ಅವಳು ‘ಹಾಲು’ ಎಂದರೆ ನಾನು ‘ಬಿಸಿ ಹಾಲು’. ಅವಳು ‘ಬಿಸಿ ಹಾಲು’ ಎಂದರೆ ನಾನು ‘ಬಿಸಿ ಹಾಲು ಕುಡಿ’. ನಾಮಪದಗಳನ್ನೇ ತುಂಬಬೇಡಿ, ಕ್ರಿಯಾಪದಗಳನ್ನು ಕೊಡಿ ಎಂದಿದ್ದರು: ಹಾಕು, ತೆಗೆ, ಸುರಿ, ಹತ್ತು, ಇಳಿ. ಅಡುಗೆ ಮನೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಆಟಿಕೆಗೆಂದು ನಾನು ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ. ಮೂರು ತಿಂಗಳು ಮೈಸೂರಿನಲ್ಲಿ ಕೋಣೆ ಮಾಡಿಕೊಂಡಿದ್ದೆವು, ನಡುನಡುವೆ ಊರಿಗೆ ಬರುತ್ತಿದ್ದೆವು. ಆಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದೆವು.

ನಾಲ್ಕು ವರ್ಷವಾದಾಗ ವಾಕ್ಯ ಬರುತ್ತಿತ್ತು, ಆದರೆ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಕ, ಗ ಇರಬೇಕಾದ ಕಡೆಯಲ್ಲೆಲ್ಲ ತ, ದ. ಕಾಗೆ ‘ತಾದೆ’, ಅಜ್ಜನ ಗಡ್ಡ ‘ದಡ್ಡ’. ಅಂಗನವಾಡಿಯಲ್ಲಿ ಮಕ್ಕಳು ನಕ್ಕರು, ಅವಳು ಮತ್ತೆ ಮೌನಕ್ಕೆ ಜಾರಿದಳು. ‘ಸರಿಯಾಗಿ ಹೇಳು’ ಎಂದು ತಿದ್ದುವುದನ್ನು ಮೊದಲು ನಿಲ್ಲಿಸಿ ಎಂದರು. ಚಿಕಿತ್ಸಕಿ ಜೋಡಿ ಚಿತ್ರಗಳನ್ನು ಹರಡಿದರು: ಕಾಯಿ ಮತ್ತು ತಾಯಿ, ಕಲೆ ಮತ್ತು ತಲೆ. ಮೊದಲು ಅವರು ಹೇಳಿದ್ದನ್ನು ಇವಳು ಎತ್ತಿಕೊಡಬೇಕು, ಕಿವಿ ಎರಡನ್ನೂ ಬೇರೆ ಮಾಡುತ್ತದೆಯೇ ಎಂದು ನೋಡಲು. ಆಮೇಲೆ ಇವಳು ಕೇಳಬೇಕು. ತೆಂಗಿನಕಾಯಿಯ ಚಿತ್ರ ಬೇಕಾಗಿ ‘ತಾಯಿ ತೊಡಿ’ ಎಂದಳು. ಅವರು ಸೀರೆಯುಟ್ಟ ತಾಯಿಯ ಚಿತ್ರವನ್ನು ಕೊಟ್ಟರು. ಇವಳು ತಲೆಯಾಡಿಸಿ ಮತ್ತೆ ಕೇಳಿದಳು, ಮತ್ತೆ ತಾಯಿಯೇ ಬಂದಳು. ತನ್ನ ನಾಲಿಗೆಯಿಂದ ಬರುತ್ತಿರುವುದು ಬೇರೆ ಮಾತು ಎಂಬುದು ಅವಳ ಮುಖದಲ್ಲಿ ಆ ಕ್ಷಣ ಕಾಣಿಸಿತು. ನಾನು ವರ್ಷವಿಡೀ ತಿದ್ದಿದರೂ ಅದನ್ನು ಅವಳಿಗೆ ಕಾಣಿಸಲು ನನ್ನಿಂದ ಆಗಿರಲಿಲ್ಲ.

‘ಕ’ ಹುಟ್ಟುವುದು ನಾಲಿಗೆಯ ಹಿಂಭಾಗ ಮೇಲೆದ್ದಾಗ. ಅಂಗಾತ ಮಲಗಿಸಿ ಹೇಳಿಸಿದರು, ಆಗ ನಾಲಿಗೆ ತಾನಾಗಿ ಹಿಂದಕ್ಕೆ ಜಾರುತ್ತದೆ. ಗಂಟಲಿನಲ್ಲಿ ನೀರನ್ನು ಗಳಗಳ ಮಾಡಿಸಿದರು. ಬಚ್ಚಲಿನಲ್ಲಿ ದಿನಾ ಬೆಳಿಗ್ಗೆ ಅಜ್ಜ ಮೊಮ್ಮಗಳು ಇಬ್ಬರೂ ಗಳಗಳ. ಬರೀ ಸದ್ದು, ಆಮೇಲೆ ಪದ, ಆಮೇಲೆ ವಾಕ್ಯ, ಕೊನೆಗೆ ಮಾತಿನ ಭರದಲ್ಲಿ. ಇದಕ್ಕೆ ಏಳು ತಿಂಗಳು ಬೇಕಾಯಿತು. ‘ಳ’ ಮತ್ತು ‘ರ’ ಇನ್ನೂ ತಡವಾಗಿ ಬಂದವು, ಅದಕ್ಕೆ ಅವರು ಆತುರಪಡಲೇ ಇಲ್ಲ, ಆ ಅಕ್ಷರಗಳು ಎಲ್ಲ ಮಕ್ಕಳಿಗೂ ತಡವಾಗಿಯೇ ಬರುತ್ತವೆ ಎಂದರು.

ಅಣ್ಣಾ, ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಹೆಂಡತಿಗೆ ತುಳು ಮಾತನಾಡಲು ಹೇಳಿ. ಇವತ್ತೇ.

ಉತ್ತರ: ಧಾರವಾಡದ ವಾಕ್ ಚಿಕಿತ್ಸಕಿ

ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮಗುವನ್ನು ನೋಡದೆ ಇಂಥದ್ದೇ ತೊಂದರೆ ಎಂದು ಹೆಸರಿಡಲಾರೆ. ಆದರೆ ಕೇಳಿದ ಪ್ರಶ್ನೆಗಳಿಗೆ ಉತ್ತರವಿದೆ.

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ತಾಯಿ ತನಗೆ ಸಲೀಸಾದ ಭಾಷೆಯಲ್ಲಿ ಮಾತನಾಡಿದರೆ ಮಗುವಿಗೆ ಹೆಚ್ಚು ಮಾತು, ಹೆಚ್ಚು ಭಾವ ಸಿಗುತ್ತದೆ. ಪದ ಎಣಿಸುವಾಗ ನಾವು ಎರಡೂ ಭಾಷೆಯವನ್ನು ಕೂಡಿಸುತ್ತೇವೆ. ಉಚ್ಚಾರ ತಪ್ಪಿದ್ದರೂ ಒಂದೇ ವಸ್ತುವಿಗೆ ಪ್ರತಿ ಸಲ ಒಂದೇ ಸದ್ದನ್ನು ಬಳಸಿದರೆ ಅದೂ ಪದವೇ. ನಿಮ್ಮ ಚೀಟಿಯಲ್ಲಿ ತುಳುವಿನ ಒಂದು ಪದವೂ ಇಲ್ಲ. ತಾಯಿಯೊಂದಿಗೆ ಕುಳಿತು ಇನ್ನೊಮ್ಮೆ ಎಣಿಸಿ.

ಇಷ್ಟಾದರೂ ಕಾಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ತುಂಬುವಾಗ ಎರಡು ಪದಗಳ ಜೋಡಣೆ ಬರಬೇಕು. ಬಂದಿಲ್ಲವೆಂದರೆ ಪರೀಕ್ಷೆ ಮಾಡಿಸಲು ಅದು ಸಾಕಾದ ಕಾರಣ. ತಡವಾಗಿ ಮಾತು ಕಲಿತು ತಾವಾಗಿಯೇ ಸರಿಹೋಗುವ ಮಕ್ಕಳು ಇದ್ದಾರೆ ನಿಜ, ಆದರೆ ಯಾವ ಮಗು ಅಂಥದ್ದು ಎಂದು ಮೊದಲೇ ಹೇಳಲು ಬರುವುದಿಲ್ಲ. ಬಂದ ಮಾತು ಹೊರಟುಹೋದರೆ ಯಾವ ವಯಸ್ಸಿನಲ್ಲೂ ಒಂದು ದಿನವೂ ತಡಮಾಡಬಾರದು. ನಿಮ್ಮ ಮಗ ಬೆರಳು ಮಾಡಿ ತೋರಿಸುತ್ತಾನೆ, ಹೇಳಿದ್ದನ್ನು ಗ್ರಹಿಸುತ್ತಾನೆ, ಇವು ಬಹಳ ಒಳ್ಳೆಯ ಲಕ್ಷಣಗಳು.

ಶ್ರವಣ ಪರೀಕ್ಷೆಯ ಮಾತು ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಅದನ್ನು ಮಾಡಿಸದಿದ್ದರೆ ಮೊದಲು ಮಾಡಿಸಿ. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ಕಟ್ಟಿಕೊಂಡು ಕೆಲವು ದಿನ ಕೇಳಿಸಿ ಕೆಲವು ದಿನ ಮಂದವಾಗುವುದುಂಟು. ಮನೆಯವರಿಗೆ ಅದು ಗೊತ್ತೇ ಆಗುವುದಿಲ್ಲ.

ನಾಲಿಗೆ ಕಟ್ಟು ಕೆಲವು ಅಕ್ಷರಗಳ ಉಚ್ಚಾರಕ್ಕೆ ತೊಡಕಾಗಬಹುದು, ಮಾತನ್ನೇ ತಡೆಯುವುದಿಲ್ಲ. ಬಜೆಯಿಂದ ಮಾತು ಬರುವುದಿಲ್ಲ, ದಯವಿಟ್ಟು ನಿಲ್ಲಿಸಿ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ, ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು, ಅದು ಅಪಾಯಕಾರಿ.

ಖರ್ಚಿನ ವಿಷಯ: 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ, ಮಾತಿನ ವಿಳಂಬವೂ ಅದರಲ್ಲಿ ಸೇರಿದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಅವರ ಮೂಲಕ ಹೋಗಬಹುದು. ಖಾಸಗಿಯವರ ಬಳಿ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ನಮಗೆ ಅದರಿಂದ ಬೇಸರವಾಗುವುದಿಲ್ಲ. ನಲವತ್ತು ನಿಮಿಷದ ಕೊನೆಯಲ್ಲಿ ‘ಈ ವಾರ ಮನೆಯಲ್ಲಿ ನಾನೇನು ಮಾಡಲಿ’ ಎಂದೂ ಕೇಳಿ. ಆ ಆಟದ ಕಾರಣವನ್ನು ಅವರು ನಿಮಗೆ ಹೇಳಬೇಕಾಗಿತ್ತು, ನಮ್ಮವರು ಹಲವರು ಅಲ್ಲಿ ತಪ್ಪುತ್ತಾರೆ.

ಉತ್ತರ: ಕಲಬುರಗಿಯಿಂದ

ನಾನು ಬ್ಯಾಂಕಿನ ನೌಕರ, ಬಾಲ್ಯದಿಂದ ಉಗ್ಗುತ್ತೇನೆ. ಸಾಗರದ ಅಕ್ಕ ಬರೆದ ‘ಐದರವರೆಗೆ ಎಣಿಸಿ’ ಎಂಬ ಸಾಲಿನಲ್ಲಿ ನಿಂತುಬಿಟ್ಟೆ. ಶಾಲೆಯಲ್ಲಿ ಹಾಜರಿ ಕೂಗುವಾಗ ‘ಹಾಜರ್’ ಎನ್ನುವಷ್ಟರಲ್ಲಿ ಪಕ್ಕದ ಹುಡುಗ ನನ್ನ ಪರವಾಗಿ ಹೇಳುತ್ತಿದ್ದ, ಮನೆಯಲ್ಲಿ ಅಕ್ಕಂದಿರು ನನ್ನ ವಾಕ್ಯ ಮುಗಿಸುತ್ತಿದ್ದರು. ಪ್ರೀತಿಯಿಂದಲೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಚಿಕಿತ್ಸೆಗೆ ಹೋದಾಗ ಆ ಚಿಕಿತ್ಸಕರು ನಾನು ನನ್ನ ಹೆಸರು ಹೇಳಿ ಮುಗಿಸುವವರೆಗೆ ಕಣ್ಣು ಕದಲಿಸದೆ ಸುಮ್ಮನಿದ್ದರು. ನನ್ನ ಹೆಸರನ್ನು ನಾನೇ ಪೂರ್ತಿ ಹೇಳಿದ ಮೊದಲ ದಿನ ಅದು. ಉಗ್ಗು ಪೂರ್ತಿ ಹೋಗಿಲ್ಲ. ಕೌಂಟರಿನಲ್ಲಿ ಕುಳಿತು ದಿನಕ್ಕೆ ನೂರು ಜನರ ಜೊತೆ ಮಾತನಾಡುತ್ತೇನೆ.

ಪ್ರಶ್ನೆ ಕೇಳಿದವರು: ಅರಸೀಕೆರೆಯ ಅಪ್ಪ

ಎಲ್ಲರಿಗೂ ಕೈಮುಗಿದು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ತುಳು ಮಾತನಾಡು ಎಂಬ ಸಾಲಿಗೆ ಬಂದಾಗ ಅವಳು ಎದ್ದು ಅಡುಗೆ ಮನೆಗೆ ಹೋದಳು, ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಬೆಳಿಗ್ಗೆ ಇಬ್ಬರೂ ಕುಳಿತು ಮತ್ತೆ ಎಣಿಸಿದೆವು. ಹಾಲಿಗೆ ‘ಪೇಯ್’ ಎನ್ನುತ್ತಾನಂತೆ, ಪೇರ್ ಎಂಬುದಕ್ಕೆ. ಬೆಕ್ಕಿಗೆ ‘ಪುಚ್ಚಿ’. ಅನ್ನಕ್ಕೆ ‘ನುಪ್ಪು’, ಅದನ್ನು ಸರಿಯಾಗಿಯೇ ಹೇಳುತ್ತಾನೆ. ನಾನು ಮಂಡಿಯಲ್ಲಿರುವ ಹೊತ್ತಿನಲ್ಲಿ ಅವನು ಆಡುವ ಮಾತುಗಳು ನನ್ನ ಚೀಟಿಗೆ ಬಂದೇ ಇರಲಿಲ್ಲ. ಒಟ್ಟು ಇಪ್ಪತ್ತೊಂದು. ಕಡಿಮೆಯೇ ಎಂದು ಗೊತ್ತಿದೆ, ಆದರೆ ಒಂಬತ್ತಲ್ಲ. ತಾಯಿಯವರು ಬಜೆಯ ತುಂಡನ್ನು ದೇವರ ಗೂಡಿನಲ್ಲಿ ಇಟ್ಟುಬಿಟ್ಟರು, ಬಿಸಾಡಲು ಮನಸ್ಸು ಬರಲಿಲ್ಲ ಅವರಿಗೆ.

ಮುಂದಿನ ಗುರುವಾರ ಹಾಸನದಲ್ಲಿ ಕಿವಿಯ ಪರೀಕ್ಷೆ, ಬೆಳಿಗ್ಗೆ ಹನ್ನೊಂದಕ್ಕೆ. ನಿದ್ರೆ ಬರುವಂತೆ ಕರೆದುಕೊಂಡು ಬನ್ನಿ ಎಂದಿದ್ದಾರೆ. ಅಕ್ಕಾ, ನೀವು ಎರಡನೆಯ ಸಲ ಹೇಗೆ ಮಾಡಿದಿರಿ?

ಉತ್ತರ: ಸಾಗರದ ತಾಯಿ

ಹಿಂದಿನ ರಾತ್ರಿ ಹನ್ನೆರಡರವರೆಗೆ ಮಲಗಲು ಬಿಡಲಿಲ್ಲ, ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಿದೆವು. ನಿಮಗೆ ಬಸ್ಸಿನ ಪ್ರಯಾಣವೇ ಕಷ್ಟದ ಭಾಗ, ತೂಗಾಟಕ್ಕೆ ಕಣ್ಣು ಮುಚ್ಚಿಬಿಡುತ್ತಾನೆ. ಕಿಟಕಿಯ ಪಕ್ಕ ಕೂರಿಸಿಕೊಳ್ಳಿ, ಎದುರಿಗೆ ಬರುವ ಪ್ರತಿ ಬಸ್ಸನ್ನೂ ತೋರಿಸಿ. ಬಸ್ಸು ಎನ್ನಲು ಬರುತ್ತದಲ್ಲ ಅವನಿಗೆ. ತಿಂಡಿ, ಹಾಲು ಎರಡನ್ನೂ ಅಲ್ಲಿಗೆ ತಲುಪಿದ ಮೇಲೆ ಅವರನ್ನು ಕೇಳಿ ಕೊಡಿ, ನಿದ್ರೆಯ ಔಷಧಿ ಕೊಡುವುದಾದರೆ ಮೊದಲೇ ಹೊಟ್ಟೆ ತುಂಬಿರಬಾರದು. ಮತ್ತು ಅವನು ಹೊದೆಯುವ ಹಳೆಯ ಬಟ್ಟೆ ಏನಾದರೂ ಇದ್ದರೆ ತೆಗೆದುಕೊಂಡು ಹೋಗಿ. ನಮ್ಮವಳು ಕೊನೆಗೆ ಮಲಗಿದ್ದು ನನ್ನ ಹಳೆಯ ಸೀರೆಯ ಮೇಲೆ.